ಎರಡು ನಿಮಿಷ ಬಿಟ್ಟ ನಲ್ಲಿ

"ಮುಚ್ಚಿ! ಮೊದಲು ಅದನ್ನ ಮುಚ್ಚಿ!"

ಮೂರನೇ ತರಗತಿಯ ಟೀಚರ್ ಕಾರಿಡಾರಿನ ಆ ತುದಿಯಿಂದ ಓಡಿಬಂದ ರಭಸಕ್ಕೆ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಗಿತ್ತು. ಶಾಲೆಯ ಹಿಂದಿನ ಅಂಗಳದಲ್ಲಿ, ಮೂರು ನಲ್ಲಿಗಳ ಕಟ್ಟೆಯ ಮುಂದೆ ಯಾರೋ ಒಬ್ಬ ನಿಂತಿದ್ದ. ಹೆಗಲಿಗೆ ಐಸ್ ಡಬ್ಬಿ, ಕಣ್ಣು ಕೈಗಡಿಯಾರದ ಮೇಲೆ. ಮೊದಲನೇ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಟ್ಟಿದ್ದ. ನೀರು ಭೋರೆಂದು ಚರಂಡಿಗೆ ಹೋಗುತ್ತಿತ್ತು. ಅವನು ಸಿನಿಮಾ ನೋಡುವವನ ಹಾಗೆ ಆರಾಮಾಗಿ ನೋಡುತ್ತಿದ್ದ.

ಅವಳ ಮೈಯೆಲ್ಲ ಉರಿಯಿತು. ಒಂದು ವರ್ಷದಿಂದ ಇನ್ನೂರು ಮಕ್ಕಳಿಗೆ ಅವಳು ಕಲಿಸಿದ್ದು ಈ ಕಟ್ಟೆಯಲ್ಲಿ. ಎಷ್ಟು ಬೇಕೋ ಅಷ್ಟು ಹಿಡಿಯಬೇಕು, ಹಿಡಿದದ್ದನ್ನು ಕುಡಿಯಬೇಕು, ಉಳಿದರೆ ಗಿಡಕ್ಕೆ. ತೊಟ್ಟಿಕ್ಕುವ ನಲ್ಲಿ ಕಂಡರೆ ಕೆಳಗೆ ಲೋಟ ಇಟ್ಟು, ತುಂಬಲು ಎಷ್ಟು ಹೊತ್ತು ಬೇಕು ಎಂದು ಬರೆದಿಡಬೇಕು. ಶನಿವಾರಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು, ಜೇಬು ತುಂಬ ವಾಷರ್ ಹಾಕಿಕೊಂಡು ಮನೆಮನೆ ಸುತ್ತಿ, ಬೀದಿಯವರ ಬಾಯಲ್ಲಿ 'ನಲ್ಲಿ ಟೀಚರ್' ಎಂದು ಅನ್ನಿಸಿಕೊಂಡವಳು. ಅಂಥವಳ ಅಂಗಳದಲ್ಲೇ ಈ ಅನ್ಯಾಯ!

"ಮೇಡಂ, ಎರಡು ನಿಮಿಷ..." ಎಂದ ಅವನು.

"ಎರಡು ನಿಮಿಷ! ಎರಡು ನಿಮಿಷ ಅಂದ್ರೆ ಒಂದು ದೊಡ್ಡ ಬಕೆಟ್ಟು, ಗೊತ್ತಾ? ಯಾರ್ರೀ ನೀವು?"

"ನೀರಿನ ಇಲಾಖೆ. ಸ್ಯಾಂಪಲ್ ತೆಗೆಯೋಕೆ ಬಂದೆ. ಮೊದಲು ಸ್ವಲ್ಪ ನೀರು ಬಿಡ್ಬೇಕು, ಆಮೇಲೆ..."

"ನೀರಿನ ಇಲಾಖೆ!" ಅವಳು ನಕ್ಕ ನಗು ಬೈಗುಳಕ್ಕಿಂತ ಖಾರವಾಗಿತ್ತು. "ಗೋಡೆ ತುಂಬ ನೀರು ಉಳಿಸಿ ಅಂತ ಬರೆಸೋರು ನೀವೇ ಅಲ್ವಾ?"

ಅಷ್ಟರಲ್ಲಿ ಮಕ್ಕಳು ಸುತ್ತುವರಿದಿದ್ದರು. ಎಲ್ಲರಿಗಿಂತ ಮುಂದೆ ಎರಡು ಜಡೆಯ ಹುಡುಗಿ, ಟೀಚರಿನದೇ ತರಗತಿಯವಳು, ಕಟ್ಟೆಯ ಕಾವಲು ಅವಳದ್ದಾದ್ದರಿಂದ ಎಲ್ಲರೂ ಅವಳನ್ನು 'ಇನ್‌ಸ್ಪೆಕ್ಟರ್' ಎಂದು ಕರೆಯುತ್ತಿದ್ದರು. "ಮಿಸ್, ಇವ್ರು ಬಟ್ಟೆನೂ ಬಿಚ್ಚಿಬಿಟ್ಟಿದ್ದಾರೆ!" ಎಂದು ಸಾಕ್ಷಿ ಹೇಳಿದಳು.

ನಿಜ. ನೀರು ಸಿಡಿದು ಪೋಲಾಗದಿರಲಿ ಎಂದು ಟೀಚರ್ ತನ್ನ ಹಳೆಯ ನೀಲಿ ಸ್ಕಾರ್ಫನ್ನು ಹರಿದು ಮೂರೂ ನಲ್ಲಿಗಳ ಬಾಯಿಗೆ ಕಟ್ಟಿದ್ದಳು, ಮನೆಯಲ್ಲೂ ಹಾಗೇ ಕಟ್ಟಿ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಅದರಲ್ಲಿ ಒಂದು ತುಂಡು ಈಗ ಕಟ್ಟೆಯ ಮೇಲೆ ಬಿದ್ದಿತ್ತು. ಅವಳು ಅವನ ಕೈಯನ್ನು ಪಕ್ಕಕ್ಕೆ ಸರಿಸಿ ನಲ್ಲಿ ಮುಚ್ಚಿದಳು. ಬಟ್ಟೆಯನ್ನು ಮತ್ತೆ ಬಿಗಿದು ಕಟ್ಟಿದಳು.

"ಒಂದು ಬಾಟಲಿ ತಾನೇ ನಿಮಗೆ ಬೇಕಾದ್ದು? ಹಿಡೀರಿ." ತಾನೇ ನಲ್ಲಿ ತಿರುಗಿಸಿ, ಬಟ್ಟೆಯಿಂದ ಇಳಿದ ನೀರನ್ನು ಅವನ ಬಾಟಲಿಗೆ ತುಂಬಿಸಿ, ಒಂದು ಹನಿ ಹೆಚ್ಚಾಗದಂತೆ ನಿಲ್ಲಿಸಿದಳು. "ಆಯ್ತು. ಹೊರಡಿ."

ಅವನು ಏನೋ ಹೇಳಲು ಬಾಯಿ ತೆರೆದ. ಆದರೆ ಆ ಹೊತ್ತಿಗೆ ಅವಳ ಕೆನ್ನೆಗೆ ಸೀಮೆಸುಣ್ಣದ ಬಿಳಿ ಗೆರೆಯೊಂದು ಮೆತ್ತಿಕೊಂಡಿತ್ತು, ಕಣ್ಣು ನಿಗಿನಿಗಿ ಎನ್ನುತ್ತಿತ್ತು. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಬಾಟಲಿಗೆ ಮುಚ್ಚಳ ಹಾಕಿ, ಡಬ್ಬಿಯಲ್ಲಿಟ್ಟು ಹೊರಟುಹೋದ.

ಇನ್‌ಸ್ಪೆಕ್ಟರ್ ಚಪ್ಪಾಳೆ ತಟ್ಟಿದಳು.

*

ಶುಕ್ರವಾರ ಬೆಳಿಗ್ಗೆ ಮೂರೂ ನಲ್ಲಿಗಳ ಮೇಲೆ ಕೆಂಪು ಚೀಟಿ ಅಂಟಿತ್ತು. 'ಕುಡಿಯಲು ಯೋಗ್ಯವಲ್ಲ.'

ಅದರ ಪಕ್ಕದಲ್ಲಿ, ಅದಕ್ಕೇ ಕಾದಿದ್ದ ಹಾಗೆ, ನೀರಿನ ಕ್ಯಾನುಗಳ ಸಾಲು. ಶಾಲಾ ಸಮಿತಿಯ ಅಧ್ಯಕ್ಷರ ಭಾವಮೈದುನನಿಗೆ ಕ್ಯಾನ್ ನೀರಿನ ವ್ಯಾಪಾರ. ಹಿಂದಿನ ತಿಂಗಳು ನಾಲ್ಕು ಮಕ್ಕಳಿಗೆ ಹೊಟ್ಟೆನೋವು ಬಂದಾಗ, ನಾಲ್ವರೂ ಒಂದೇ ಹುಟ್ಟುಹಬ್ಬಕ್ಕೆ ಹೋಗಿ ಬಂದವರೆಂದು ಗೊತ್ತಿದ್ದೂ, ನಲ್ಲಿಯ ಮೇಲೆ ಇಲಾಖೆಗೆ ದೂರು ಬರೆದವರು ಅಧ್ಯಕ್ಷರೇ.

"ನಾನು ಮೊದಲೇ ಹೇಳಿದ್ನಲ್ಲಮ್ಮ," ಎಂದರು ಅವರು, ಕ್ಯಾನಿನ ಬೆನ್ನು ತಟ್ಟುತ್ತ. "ನಲ್ಲಿ ನೀರು ಕುಡಿಸೋ ಹುಚ್ಚು ಬಿಡಿ ಅಂತ. ಪಾಲಕರ ಸಭೆ ಕರೀತೀನಿ. ಈ ಕಟ್ಟೆ ಒಡೆಸಿ ಸೈಕಲ್ ನಿಲ್ಲಿಸೋಕೆ ಜಾಗ ಮಾಡ್ಸೋಣ."

ಆ ದಿನ ಅವಳು ನೋಡಿದ್ದನ್ನು ಹೇಗೆ ಸಹಿಸಿದಳೋ. ಕ್ಯಾನಿನ ಗುಂಡಿ ಒತ್ತಿ ಲೋಟ ತುಂಬಿಸಿದ ಮಕ್ಕಳು ಎರಡು ಗುಟುಕು ಕುಡಿದು ಉಳಿದದ್ದನ್ನು ಚೆಲ್ಲಿದರು. ಪ್ಲಾಸ್ಟಿಕ್ ಲೋಟಗಳು ಅಂಗಳದ ತುಂಬ ಉರುಳಾಡಿದವು. ಒಂದು ವರ್ಷ ಬೆವರು ಹರಿಸಿ ಕಲಿಸಿದ್ದು ಒಂದು ಮಧ್ಯಾಹ್ನದಲ್ಲಿ ಕೊಚ್ಚಿಹೋಯಿತು. ಇನ್‌ಸ್ಪೆಕ್ಟರ್ ಮಾತ್ರ ಕೆಂಪು ಚೀಟಿಯ ಮುಂದೆ ನಿಂತು ಕೇಳಿದಳು: "ಮಿಸ್, ನೀವು ನಮಗೆ ಕೆಟ್ಟ ನೀರು ಕುಡಿಸಿದ್ರಾ?"

ಅವಳು ಬಾಗಿ, ಕಾಲಬುಡಕ್ಕೆ ಉರುಳಿ ಬಂದ ಲೋಟಗಳನ್ನು ಆರಿಸತೊಡಗಿದಳು.

*

ಶನಿವಾರ ಮಧ್ಯಾಹ್ನ ಅವಳು ಇಲಾಖೆಯ ಲ್ಯಾಬಿಗೆ ನುಗ್ಗಿದಳು. ಉದ್ದನೆಯ ಕೋಣೆ, ಬ್ಲೀಚಿಂಗ್ ಪುಡಿಯ ವಾಸನೆ, ಕಪಾಟಿನಲ್ಲಿ ಸಾಲು ಸಾಲು ಬಾಟಲಿ. ಬಾಗಿಲ ಪಕ್ಕದಲ್ಲಿ, ಯಾರಿಗೂ ನಾಚಿಕೆಯಿಲ್ಲದೆ, ಅಧಿಕಾರಿಗಳು ಕುಡಿಯಲೆಂದು ಇಟ್ಟ ಕ್ಯಾನು!

"ಚೆನ್ನಾಗಿದೆ," ಎಂದಳು ಅದನ್ನು ತೋರಿಸಿ. "ಊರಿಗೆಲ್ಲ ನೀರು ಕೊಡೋರು ನೀವು ಕುಡಿಯೋದು ಇದನ್ನ."

ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದವನು ತಲೆಯೆತ್ತಿದ. ಅವಳನ್ನು ಕಂಡದ್ದೇ ಎದ್ದು ನಿಂತ, ಹೋಮ್‌ವರ್ಕ್ ಮಾಡದ ಹುಡುಗ ನಿಲ್ಲುವ ಹಾಗೆ.

"ಅದು ಸಾಹೇಬ್ರದ್ದು. ನಂದು ಇದು." ಪಕ್ಕದ ನಲ್ಲಿಯಿಂದ ಸ್ಟೀಲ್ ಲೋಟಕ್ಕೆ ನೀರು ಹಿಡಿದು ಅವಳ ಮುಂದಿಟ್ಟ. "ಕುಡೀರಿ. ಬಿಸಿಲಲ್ಲಿ ಬಂದಿದ್ದೀರಿ."

"ನನಗೆ ನೀರು ಬೇಡ. ಉತ್ತರ ಬೇಕು. ನಮ್ಮ ನಲ್ಲಿ ಕೆಟ್ಟಿದೆ ಅಂತ ಬರೆದೋರು ನೀವೇ ಅಲ್ವಾ?"

"ಸಹಿ ನಂದೇ."

"ಸ್ಯಾಂಪಲ್ ತಗೊಳ್ಳೋಕೆ ಬಿಡ್ಲಿಲ್ಲ ಅಂತ ಸೇಡು ತೀರಿಸ್ಕೊಂಡ್ರಾ? ಅಥವಾ ಕ್ಯಾನಿನೋರು ಏನಾದ್ರೂ ಹೇಳಿಕೊಟ್ರಾ?"

ಅವನ ಮುಖ ಕಪ್ಪಿಟ್ಟಿತು. ಸಿಟ್ಟಾಗುತ್ತಾನೆ ಎಂದುಕೊಂಡಳು. ಆಗಲಿಲ್ಲ. "ಮೂರು ಬುಧವಾರ ಟೈಮ್ ಕೊಡಿ," ಎಂದ ಮೆಲ್ಲಗೆ. "ಸಾಲಾಗಿ ಮೂರು ಸಲ ನೀರು ಚೆನ್ನಾಗಿ ಬಂದ್ರೆ ಚೀಟಿ ತೆಗೀತಾರೆ. ನಾನೇ ಬರ್ತೀನಿ."

"ನಿಮ್ಮಲ್ಲಿ ಬೇರೆ ಯಾರೂ ಇಲ್ವಾ?"

"ಇದ್ದಾರೆ. ಆದ್ರೂ ನಾನೇ ಬರ್ತೀನಿ."

ಅವಳು ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಗಮನಿಸಿದಳು. ಬೈಯುತ್ತ ಬೈಯುತ್ತ ಆ ಲೋಟದ ನೀರನ್ನು ಪೂರ್ತಿ ಕುಡಿದಿದ್ದಳು.

*

ಮೊದಲ ಬುಧವಾರ ಅವನು ಸ್ಕೂಟರಿನ ಮುಂದೆ ಒಂದು ದೊಡ್ಡ ಬಕೆಟ್ ಇಟ್ಟುಕೊಂಡು ಬಂದ. ಹೊಸದು, ಹಸಿರು ಬಣ್ಣದ್ದು.

"ಇದೇನು?"

"ನಿಮ್ಮ ಎರಡು ನಿಮಿಷ," ಎಂದ. "ಗಿಡಕ್ಕೆ ಹಾಕ್ಬಹುದು, ಅಂಗಳ ತೊಳೀಬಹುದು. ಚರಂಡಿಗೆ ಬೇಡ."

ಮಕ್ಕಳು ಹೋ ಎಂದರು. ಅವಳು ಮಾತ್ರ ಮುಖ ಬಿಗಿದುಕೊಂಡೇ ನಿಂತಳು. ಬಿಗಿದ ಮುಖದಲ್ಲಿ ತುಟಿಯ ಒಂದು ಮೂಲೆ ಹೇಳಿದ ಮಾತು ಕೇಳಲಿಲ್ಲ, ಅಷ್ಟೇ.

ಅವನು ಮೂರೂ ನಲ್ಲಿಗಳ ಬಟ್ಟೆ ಬಿಚ್ಚಿದ. "ಹೇಗೂ ಈಗ ಯಾರೂ ಕುಡಿಯಲ್ಲ. ಇದನ್ನ ನಾನು ತಗೊಂಡು ಹೋಗ್ಲಾ?"

"ಹಳೇ ಸ್ಕಾರ್ಫಿನ ತುಂಡು. ನಿಮಗ್ಯಾಕೆ?"

"ಬೇಕಿತ್ತು," ಎಂದು ನೆಲ ನೋಡಿದ. ಅವನ್ನು ನೀಟಾಗಿ ಮಡಚಿ, ಶುಭ್ರವಾದೊಂದು ಕವರಿನಲ್ಲಿ ಹಾಕಿ, ಎದೆಯ ಜೇಬಿನಲ್ಲಿಟ್ಟುಕೊಂಡ. ಅವಳು ಆ ಜೇಬನ್ನೇ ನೋಡಿದಳು.

ನಲ್ಲಿ ಬಿಟ್ಟ. ಪೈಪಿನಲ್ಲಿ ನಿಂತಿದ್ದ ನೀರೆಲ್ಲ ಹೋಗಲೆಂದು ಎರಡು ನಿಮಿಷ ಕಾದು ನಿಲ್ಲಿಸಿ, ಕ್ರಿಮಿ ಸಾಯಲೆಂದು ಸಣ್ಣ ಉರಿ ಹಚ್ಚಿ ನಲ್ಲಿಯ ಬಾಯಿಗೆ ತೋರಿಸಿದ. ಮತ್ತೆ ತಿರುಗಿಸಿ ಬಾಟಲಿ ತುಂಬಿಸಿದ. ಕೊನೆಗೆ ಗಾಜಿನ ಕೊಳವೆಯಲ್ಲಿ ಇಷ್ಟು ನೀರು ಹಿಡಿದು ಒಂದು ಮಾತ್ರೆ ಹಾಕಿ ಅಲ್ಲಾಡಿಸಿದ. ನೀರು ನಿಧಾನಕ್ಕೆ ಗುಲಾಬಿಯಾಯಿತು.

"ಗುಲಾಬಿ ಬಂದ್ರೆ ಕ್ಲೋರಿನ್ ಇದೆ ಅಂತ. ಅಂದ್ರೆ ಒಳ್ಳೇದು," ಎಂದು ಮಕ್ಕಳಿಗೆ ವಿವರಿಸಿದ.

"ಮಿಸ್ ಮುಖಾನೂ ಗುಲಾಬಿ ಆಗಿದೆ," ಎಂದಳು ಇನ್‌ಸ್ಪೆಕ್ಟರ್.

"ನಡಿ ಕ್ಲಾಸಿಗೆ!"

ಸಂಜೆ ಮನೆಯಲ್ಲಿ ಅತ್ತಿಗೆ ತರಕಾರಿ ತೊಳೆದ ನೀರನ್ನು ಬಾಲ್ಕನಿಯ ಕುಂಡಕ್ಕೆ ಸುರಿಯುತ್ತ ಕತೆಯೆಲ್ಲ ಕೇಳಿದಳು. ನಾದಿನಿಯ ಹೊಟ್ಟೆಯಲ್ಲಿದ್ದದ್ದನ್ನು ಬಾಯಿಗೆ ತರಿಸುವುದರಲ್ಲಿ ಅವಳು ಎತ್ತಿದ ಕೈ.

"ಅಲ್ಲ ಕಣೇ, ಬಾಟಲಿ ಇಡೋಕೆ ಅಷ್ಟು ದೊಡ್ಡ ಡಬ್ಬಿ ಇತ್ತು. ಸ್ಕಾರ್ಫ್ ತುಂಡು ಎದೆ ಜೇಬಿಗೇ ಹೋಗ್ಬೇಕಿತ್ತಾ?"

"ಅತ್ತಿಗೆ, ಸುಮ್ನಿರಿ. ಅವನು ನಮ್ಮ ನಲ್ಲಿ ಮುಚ್ಚಿಸಿದವನು."

"ಮುಚ್ಚಿಸಿದ್ದು ಒಂದು. ಬಿಡಿಸಿದ್ದು ಏನೇನೋ," ಎಂದು ಅತ್ತಿಗೆ ಕುಂಡದ ಗಿಡಕ್ಕೆ ಹೇಳಿದಳು.

ಆ ವಾರ ಅವಳು ಕನ್ನಡಿಯ ಮುಂದೆ ನಿಂತಾಗಲೆಲ್ಲ ಆ ಜೇಬು ನೆನಪಾಗುತ್ತಿತ್ತು. ನೀಲಿ ಬಟ್ಟೆಯ ಮೇಲೆ ಸಣ್ಣ ಹಳದಿ ಚುಕ್ಕೆ. ಅವನು ತೆಗೆದು ನೋಡುತ್ತಿರಬಹುದೇ? ಛೆ, ಎಂದು ತನ್ನನ್ನೇ ಗದರಿಸಿಕೊಳ್ಳುತ್ತಿದ್ದಳು. ಹಾಗೆ ಗದರಿಸಿಕೊಂಡು ಮತ್ತೆ ನೆನೆಯುತ್ತಿದ್ದಳು.

*

ಎರಡನೇ ಬುಧವಾರ. ಮೊದಲ ವರದಿ ಚೆನ್ನಾಗಿ ಬಂದಿತ್ತು. ಮಕ್ಕಳು ಪರೀಕ್ಷೆ ಬರೆಯುತ್ತಿದ್ದರು. ಅಂಗಳದಲ್ಲಿ ಅವರಿಬ್ಬರೇ, ನಡುವೆ ಹಸಿರು ಬಕೆಟ್, ಬೀಳುವ ನೀರಿನ ಸದ್ದು.

"ನೀವು ಯಾಕೆ ಈ ಕೆಲಸಕ್ಕೆ ಸೇರಿದ್ರಿ?" ಎಂದು ಕೇಳಿದಳು, ಬಕೆಟ್ಟನ್ನು ನೋಡುತ್ತ.

"ಚಿಕ್ಕವನಿದ್ದಾಗ ನಮ್ಮದು ಮೂರನೇ ಮಹಡಿ. ನಲ್ಲಿ ಕೆಳಗೆ, ಬೀದೀಲಿ. ಅಮ್ಮ ದಿನಕ್ಕೆ ಹದಿನಾಲ್ಕು ಸಲ ಹತ್ತಿ ಇಳೀತಿದ್ರು. ಒಂದಿನ ಪೈಪು ಮೇಲಿನ ತನಕ ಬಂತು. ಅಮ್ಮ ಅಡುಗೆಮನೇಲಿ ನಲ್ಲಿ ಮುಂದೆ ಕೂತು ಅತ್ತುಬಿಟ್ರು. ನಾನು ನಲ್ಲಿ ಕೆಟ್ಟಿದೆ ಅಂದ್ಕೊಂಡು ಓಡಿ ಹೋಗಿ ಪಕ್ಕದ ಮನೆ ಮಾವನ್ನ ಕರ್ಕೊಂಡು ಬಂದೆ."

ಅವಳು ನಕ್ಕಳು. ನಕ್ಕವಳ ಕಣ್ಣಂಚು ಒದ್ದೆಯಾಯಿತು.

"ಈಗಿನೋರಿಗೆ ನಲ್ಲಿ ನೀರು ಕುಡಿಯೋದು ಅವಮಾನ," ಎಂದಳು. "ನಮ್ಮ ಸ್ಟಾಫ್ ರೂಮಲ್ಲೇ ನನ್ನ ಲೋಟ ನೋಡಿ ಮುಖ ಕಿವುಚ್ತಾರೆ. ಇವರಮ್ಮಂದಿರು ಹತ್ತಿಳಿದಿದ್ದು ಇವರಿಗೆ ನೆನಪಿಲ್ವಾ? ಪೈಪಿನ ಆ ತುದೀಲಿ ಎಷ್ಟು ಜನ ದುಡಿದ್ರೆ ಈ ತುದೀಲಿ ನೀರು ಬರುತ್ತೆ ಅಂತ ಮಕ್ಕಳಿಗೆ ಹೇಳ್ತೀನಿ. ದೊಡ್ಡೋರಿಗೆ ಯಾರು ಹೇಳೋದು?"

"ನೀವು ಹೇಳಿದ್ರೆ ಕೇಳ್ತಾರೆ."

"ಯಾಕೆ, ಬೈತೀನಿ ಅಂತಾನಾ?"

"ಬೈದ್ರೂ ಕೇಳ್ಬೇಕು ಅನ್ಸುತ್ತೆ." ಅಂದವನು ತಾನೇ ಗಾಬರಿಯಾಗಿ ಗಡಿಯಾರ ನೋಡಿದ. "ಎರಡು ನಿಮಿಷ ಆಯ್ತು."

"ನಿಮ್ಮ ಗಡಿಯಾರ ಮುಂದೆ ಓಡುತ್ತೆ," ಎಂದಳು ಅವಳು. ಒಂದು ಹನಿ ಪೋಲಾಗುವುದನ್ನೂ ಸಹಿಸದವಳು!

*

ಮೂರನೇ ಬುಧವಾರ ಎರಡು ಸುದ್ದಿ ಒಟ್ಟಿಗೆ ಬಂದವು. ಎರಡನೇ ವರದಿಯೂ ಚೆನ್ನಾಗಿದೆ. ಆದರೆ ಅಧ್ಯಕ್ಷರು ಪಾಲಕರ ಸಭೆಯನ್ನು ಮರುದಿನ ಗುರುವಾರಕ್ಕೇ ಎಳೆದಿದ್ದಾರೆ. ಮೂರನೇ ವರದಿ ಬರುವುದು ಶುಕ್ರವಾರ. ಅಷ್ಟರಲ್ಲಿ ಕ್ಯಾನಿನ ಕರಾರಿಗೆ ಸಹಿ, ಕಟ್ಟೆಗೆ ಸುತ್ತಿಗೆ.

"ಒಂದು ಕೆಟ್ಟ ವರದಿ ಸಾಕಂತೆ ಅವರಿಗೆ," ಎಂದಳು ಹಲ್ಲು ಕಚ್ಚಿ.

ಬಕೆಟ್ ತುಂಬಿತು. ಅವನು ನಲ್ಲಿ ನಿಲ್ಲಿಸಿ ಉರಿ ಹಚ್ಚಿದ. ಆಗ ಇನ್‌ಸ್ಪೆಕ್ಟರ್ ತಲೆ ಕೆರೆದುಕೊಂಡು ಕೇಳಿದಳು:

"ಮಾಮ, ಮೊದಲ್ನೇ ದಿನ ನೀವು ಬೆಂಕಿ ತೋರಿಸ್ಲೇ ಇಲ್ವಲ್ಲ?"

ಉರಿ ಅವನ ಬೆರಳಿಗೆ ತಾಗಿತು. ಆದರೂ ಅವನು ಕೈ ಕೊಡವಲಿಲ್ಲ.

"ಹೋಗು ಪುಟ್ಟಿ, ಗಿಡಕ್ಕೆ ನೀರು ಹಾಕು," ಎಂದಳು ಟೀಚರ್. ಹುಡುಗಿ ಹೋದ ಮೇಲೆ ಅವನ ಕಡೆ ತಿರುಗಿದಳು. "ಅವಳು ಕೇಳಿದ್ದಕ್ಕೆ ಉತ್ತರ ಹೇಳಿ."

"ಆ ದಿನದ ಸ್ಯಾಂಪಲ್ ಸರಿ ಇರ್ಲಿಲ್ಲ," ಎಂದ. "ನೀರು ಬಿಡ್ಲಿಲ್ಲ, ಉರಿ ತೋರಿಸ್ಲಿಲ್ಲ. ಬಟ್ಟೆಯಿಂದ ಇಳಿದ ನೀರು ಅದು. ನೀವು ಬರೋ ಮುಂಚೆ ಮಾತ್ರೆ ಹಾಕಿ ನೋಡಿದ್ದೆ, ಗುಲಾಬಿ ಬಂದಿತ್ತು. ಹಾಗಾಗಿ ವರದಿ ಕೆಟ್ಟು ಬಂದಾಗ್ಲೇ ನನಗೆ ಗೊತ್ತಾಯ್ತು, ಕೆಟ್ಟಿದ್ದು ನೀರಲ್ಲ, ಬಟ್ಟೆ. ದಿನವಿಡೀ ಒದ್ದೆ, ಇನ್ನೂರು ಕೈ ಮುಟ್ಟಿದ್ದು. ಖಾತ್ರಿ ಮಾಡ್ಕೊಳ್ಳೋಕೆ ಅದನ್ನ ಲ್ಯಾಬಿಗೆ ಒಯ್ದೆ."

ಎದೆಯ ಜೇಬು. ಶುಭ್ರವಾದ ಕವರು. ಲ್ಯಾಬಿಗೆ.

ಅವಳ ಕಿವಿ ಬಿಸಿಯಾಯಿತು. ಹದಿನಾಲ್ಕು ದಿನ ಕನ್ನಡಿಯ ಮುಂದೆ ನೆನೆದದ್ದೆಲ್ಲ ನೆನಪಾಗಿ, ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ಆ ನಾಚಿಕೆಯ ಹಿಂದೆಯೇ ಸಿಟ್ಟು ಉಕ್ಕಿ ಬಂತು.

"ಗೊತ್ತಿದ್ದೂ ಸಹಿ ಹಾಕಿದ್ರಿ. ಗೊತ್ತಿದ್ದೂ ಮೂರು ವಾರ ಬಾಯಿಗೆ ಬೀಗ ಹಾಕ್ಕೊಂಡ್ರಿ."

"ವರದಿ ವಾಪಸ್ ತಗೋಬೇಕಾದ್ರೆ ಕಾರಣ ಬರೀಬೇಕು. ಟೀಚರ್ ತಡೆದ್ರು ಅಂತ ಬರೀಬೇಕು. ಅಧ್ಯಕ್ಷರು ನಿಮ್ಮನ್ನ ಬಿಡ್ತಿದ್ರಾ? ಮೂರು ವರದಿ ಚೆನ್ನಾಗಿ ಬಂದ್ರೆ ತಾನಾಗೇ ಸರಿ ಹೋಗುತ್ತೆ ಅಂದ್ಕೊಂಡೆ. ನಿಮ್ಮ ಮೇಲೆ ಮಾತು ಬರ್ಬಾರದು ಅಂತ..."

"ಯಾರು ಕೇಳಿದ್ರು ನಿಮ್ಮನ್ನ?" ಎಂದಳು ಅವಳು. "ಇನ್ನೂರು ಮಕ್ಕಳು ಮೂರು ವಾರ ಪ್ಲಾಸ್ಟಿಕ್ ಲೋಟ ಎಸೆದ್ರು. ಒಂದು ಹುಡುಗಿ ನನ್ನ ಮುಖ ನೋಡಿ, ಕೆಟ್ಟ ನೀರು ಕುಡಿಸಿದ್ರಾ ಅಂತ ಕೇಳಿದ್ಲು. ನನ್ನ ತಪ್ಪನ್ನ ನನಗೆ ಹೇಳೋಕೂ ನಿಮಗೆ ಬಾಯಿಲ್ವಾ? ನಾನೇನು ಗಾಜಿನ ಬಾಟಲೀನಾ, ಡಬ್ಬೀಲಿಟ್ಟು ಕಾಪಾಡೋಕೆ?"

"ಮೇಡಂ..."

"ಬಾಟಲಿ ತುಂಬಿಸ್ಕೊಂಡು ಹೊರಡಿ."

ಮೊದಲ ದಿನ ಹೇಳಿದ್ದೂ ಬಹುಮಟ್ಟಿಗೆ ಅದೇ ಮಾತು. ಈ ಸಲ ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ.

*

ಗುರುವಾರ ಸಂಜೆ ಐದಕ್ಕೆ ಸಭೆ. ವೇದಿಕೆಯ ಮೇಲೆ ಐದು ಕುರ್ಚಿ, ಪ್ರತಿ ಕುರ್ಚಿಯ ಮುಂದೆ ಒಂದೊಂದು ಸೀಲು ಹಾಕಿದ ನೀರಿನ ಬಾಟಲಿ. ಅವರ ತಲೆಯ ಮೇಲೆ, ಗೋಡೆಯಲ್ಲಿ, ಮಕ್ಕಳು ಬರೆದಿದ್ದ ನಲ್ಲಿಯ ಚಿತ್ರಗಳು. ಆ ಚಿತ್ರ, ಆ ಬಾಟಲಿ ಎರಡನ್ನೂ ಒಂದೇ ನೋಟದಲ್ಲಿ ನೋಡಿದವರಿಗೆ ಒಂದಿಷ್ಟಾದರೂ ಚುಚ್ಚಬೇಕಿತ್ತು. ಯಾರಿಗೂ ಚುಚ್ಚಿದ ಹಾಗೆ ಕಾಣಲಿಲ್ಲ.

ಅಧ್ಯಕ್ಷರು ವರದಿ ಎತ್ತಿ ಹಿಡಿದು ಮಾತು ಶುರುಮಾಡಿದ್ದರು, ಅಷ್ಟೇ. ಹಿಂದಿನ ಬಾಗಿಲಿನಿಂದ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಬೆರಳಿಗೆ ಪಟ್ಟಿ. ನೇರ ವೇದಿಕೆಯ ಮುಂದೆ ಬಂದು ನಿಂತ.

"ಆ ವರದಿ ಲೆಕ್ಕಕ್ಕೆ ಬರಲ್ಲ. ಸ್ಯಾಂಪಲ್ ತಪ್ಪಾಗಿ ತೆಗೆದೆ. ನಮ್ಮ ಇಲಾಖೆಗೂ ಬರೆದುಕೊಟ್ಟು ಬಂದಿದ್ದೀನಿ."

ಸಭೆಯಲ್ಲಿ ಗುಸುಗುಸು ಎದ್ದಿತು.

"ತಪ್ಪಾಗಿ ಅಂದ್ರೆ?" ಎಂದರು ಅಧ್ಯಕ್ಷರು.

"ಎರಡು ನಿಮಿಷ ನೀರು ಬಿಡ್ಬೇಕಿತ್ತು. ಬಿಡ್ಲಿಲ್ಲ."

"ಯಾಕ್ರೀ ಬಿಡ್ಲಿಲ್ಲ? ಹತ್ತು ವರ್ಷದ ಸರ್ವಿಸ್ ಇದೆಯಂತಲ್ಲ ನಿಮಗೆ?"

ಅವನು ಅವಳ ಕಡೆ ನೋಡಲಿಲ್ಲ. ನೋಡದಿರಲು ಎಷ್ಟು ಕಷ್ಟಪಡುತ್ತಿದ್ದ ಎಂಬುದು ಮೂರನೇ ಸಾಲಿನಲ್ಲಿ ಕೂತಿದ್ದ ಅವಳಿಗೆ ಕಂಡಿತು.

"ಮರೆತೆ," ಎಂದ.

ಅಧ್ಯಕ್ಷರು ಗಹಗಹಿಸಿ ನಕ್ಕರು. "ಮರೆತರಂತೆ! ಇಂಥವರ ಕೈಲಿ ನಮ್ಮ ಮಕ್ಕಳ ಜೀವ!"

ಅವಳು ಸುಮ್ಮನೆ ಕೂತಿರಬಹುದಿತ್ತು. ಕೂತಿದ್ದರೆ ನಲ್ಲಿ ಹೇಗೋ ಉಳಿಯುತ್ತಿತ್ತು, ಅವಳ ಹೆಸರೂ ಉಳಿಯುತ್ತಿತ್ತು. ಆದರೆ ಮತ್ತೆ ಡಬ್ಬಿಯೊಳಗಿಟ್ಟು ಕಾಪಾಡುತ್ತಿದ್ದಾನಲ್ಲ ಈ ಮನುಷ್ಯ! ಅವಳು ದಡಕ್ಕನೆ ಎದ್ದಳು.

"ಸುಳ್ಳು. ಅವರು ಮರೀಲಿಲ್ಲ. ನಾನು ಮುಚ್ಚಿಸಿದೆ."

ಇಡೀ ಸಭೆ ಅವಳ ಕಡೆ ತಿರುಗಿತು.

"ನೀರು ಪೋಲಾಗುತ್ತೆ ಅಂತ ಕೈ ತಳ್ಳಿ ಮುಚ್ಚಿದೆ. ನಲ್ಲಿಗೆ ಕಟ್ಟಿದ್ದ ಬಟ್ಟೆ ನಂದು, ಕಟ್ಟಿದ್ದೂ ನಾನು. ಕೆಟ್ಟಿದ್ದು ಆ ಬಟ್ಟೆ. ನೀರಲ್ಲ. ನೀರು ಉಳಿಸೋದು ಗೊತ್ತಿತ್ತು ನನಗೆ, ನೀರು ಗೊತ್ತಿರ್ಲಿಲ್ಲ. ಮಕ್ಕಳ ಮುಂದೆ, ನಿಮ್ಮೆಲ್ಲರ ಮುಂದೆ ತಪ್ಪು ಒಪ್ಕೋತೀನಿ."

ಮುಂದಿನ ಸಾಲಿನಲ್ಲಿದ್ದ ಇನ್‌ಸ್ಪೆಕ್ಟರಿನ ಅಜ್ಜಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ತಾಯಿ, ನಮ್ಮನೇಲೂ ಕಟ್ಟಿದೀನಲ್ಲ! ನನ್ನ ಮೊಮ್ಮಗಳೇ ಹೇಳಿಕೊಟ್ಟಿದ್ದು."

"ನಮ್ಮನೇಲೂ," ಎಂದರು ಯಾರೋ. "ನಮ್ದೂ." "ನಾನು ಹಳೇ ಸಾಕ್ಸ್ ಕಟ್ಟಿದೀನಿ," ಎಂದ ಒಬ್ಬ ಅಪ್ಪ. ಸಭೆಗೆ ಸಭೆಯೇ ನಕ್ಕಿತು.

ನಗುವಿನ ನಡುವೆ ಅಧ್ಯಕ್ಷರು ಮೇಜು ತಟ್ಟಿದರು. "ನೋಡಿದ್ರಾ? ಇವರೇ ಒಪ್ಕೊಂಡ್ರು. ಇಂಥವರ ಮಾತು ಕೇಳಿ..."

"ನಾನು ತಿಳೀದೆ ತಪ್ಪು ಮಾಡ್ದೆ ಸಾರ್," ಎಂದಳು ಅವಳು. ಧ್ವನಿ ಏರಲಿಲ್ಲ, ಆದರೂ ಕೊನೆಯ ಸಾಲಿನವರೆಗೂ ಕೇಳಿಸಿತು. "ನೀವು ತಿಳಿದೂ ತಿಳಿದೂ ಮಾಡ್ತಿದ್ದೀರಿ. ಎರಡು ವರದಿ ಚೆನ್ನಾಗಿದೆ, ಮೂರನೇದು ನಾಳೆ ಬರುತ್ತೆ. ಒಂದು ದಿನ ಕಾಯೋಕೆ ಯಾಕೆ ಭಯ? ಈ ನಲ್ಲಿ ಮುಚ್ಚಿದ್ರೆ ಇವರ ಮಕ್ಕಳು ಇನ್ನು ಮೇಲೆ ನೀರು ಅಂದ್ರೆ ಅಂಗಡೀಲಿ ಸಿಗೋ ವಸ್ತು ಅಂತ ಕಲೀತಾರೆ. ಆಮೇಲೆ ಊರಿನ ಪೈಪು ಒಡೆದ್ರೂ ಅವರಿಗೆ ಕೇಳಿಸಲ್ಲ. ನಿಮಗೆ ಬೇಕಾಗಿರೋದು ಅದೇನಾ?"

ಅಜ್ಜಿ ನಿಧಾನಕ್ಕೆ ಎದ್ದು ವೇದಿಕೆಯ ಬಳಿ ಹೋದರು. ಅಧ್ಯಕ್ಷರ ಮುಂದಿದ್ದ ಬಾಟಲಿಯನ್ನು ಎತ್ತಿಕೊಂಡು, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವರ ಭಾವಮೈದುನನ ಕೈಗೆ ಕೊಟ್ಟರು.

"ನಾಳೆ ತನಕ ಇಟ್ಕೊಳ್ಳಪ್ಪ," ಎಂದರು. "ಕಾಯೋಣ."

*

ಶುಕ್ರವಾರದ ವರದಿ ಚೆನ್ನಾಗಿ ಬಂತು. ಕೆಂಪು ಚೀಟಿಯನ್ನು ಇನ್‌ಸ್ಪೆಕ್ಟರ್ ತನ್ನ ಕೈಯಾರೆ ಕಿತ್ತಳು. ಶನಿವಾರ ಟೀಚರ್ ಮತ್ತೆ ಮಕ್ಕಳನ್ನು ಕಟ್ಟಿಕೊಂಡು ಬೀದಿಬೀದಿ ಸುತ್ತಿದಳು, ಈ ಸಲ ತಾನೇ ಕಟ್ಟಿಸಿದ್ದ ಬಟ್ಟೆಗಳನ್ನೆಲ್ಲ ಬಿಚ್ಚಿಸಲು. "ಮೊದಲು ಕಟ್ಟು ಅಂತೀರಿ, ಈಗ ಬಿಚ್ಚು ಅಂತೀರಿ," ಎಂದು ಜನ ಕಾಲೆಳೆದರು. "ಹೌದು, ಈಗ ಕಲಿತೆ," ಎಂದಳು. ಅಷ್ಟು ಹೇಳಲು ಮೊದಲ ಮನೆಯಲ್ಲಿ ಕಷ್ಟವಾಯಿತು. ಹತ್ತನೇ ಮನೆಯ ಹೊತ್ತಿಗೆ ಅಭ್ಯಾಸವಾಗಿತ್ತು.

ಅವನ ಸುದ್ದಿಯನ್ನು ತಂದವಳು ಅತ್ತಿಗೆ. ತಪ್ಪು ಬರೆದುಕೊಟ್ಟದ್ದಕ್ಕೆ ಮೂರು ತಿಂಗಳು ಹೊರಗಿನ ಕೆಲಸವಿಲ್ಲ, ಲ್ಯಾಬಿನಲ್ಲೇ ಬಾಟಲಿ ತೊಳೆಯಬೇಕಂತೆ.

"ತಪ್ಪು ಒಪ್ಕೊಂಡವರಿಗೇ ಶಿಕ್ಷೆ!" ಎಂದು ಸಿಡುಕಿದಳು ಅವಳು. "ಎಂಥ ಇಲಾಖೆ ಅದು!"

"ಅಯ್ಯೋ ಪಾಪ, ಮೊನ್ನೆ ಅವನ ಮೇಲೆ ಸಿಟ್ಟು, ಇವತ್ತು ಅವನ ಪರವಾಗಿ ಸಿಟ್ಟು," ಎಂದಳು ಅತ್ತಿಗೆ. "ಸಿಟ್ಟು ಮಾತ್ರ ಅವನನ್ನ ಬಿಟ್ಟು ಆಚೆ ಹೋಗ್ತಾನೇ ಇಲ್ವಲ್ಲೇ."

ಬುಧವಾರ ಬಂತು. ಸ್ಯಾಂಪಲ್ ಇಲ್ಲದ ಬುಧವಾರ. ಆದರೂ ಊಟದ ಬಿಡುವಿನಲ್ಲಿ ಅವಳ ಕಾಲು ತಾನಾಗಿಯೇ ಕಟ್ಟೆಯ ಕಡೆ ನಡೆಯಿತು. ಅಲ್ಲಿ ಅವನು ನಿಂತಿದ್ದ. ಐಸ್ ಡಬ್ಬಿಯಿಲ್ಲ, ಬಾಟಲಿಯಿಲ್ಲ, ಬರಿಗೈ.

"ಇವತ್ತು ಏನು ಕೆಲಸ ಇಲ್ಲಿ?"

"ಏನಿಲ್ಲ. ಅರ್ಧ ಗಂಟೆ ರಜೆ ಕೇಳ್ಕೊಂಡು ಬಂದೆ. ಬಕೆಟ್ ಮರೆತು ಹೋಗಿದ್ದೆ."

"ಇದನ್ನೂ ಮರೆತ್ರಾ? ಮರೆವು ಜಾಸ್ತಿ ನಿಮಗೆ." ಅವಳು ಕೈಕಟ್ಟಿ ನಿಂತಳು. "ನನ್ನ ಮೂರು ಬಟ್ಟೆ ಒಯ್ದಿದ್ರಿ. ಲ್ಯಾಬಿನಲ್ಲಿ ಮೂರೂ ಪರೀಕ್ಷೆ ಮಾಡಿದ್ರಾ?"

ಅವನು ಬಕೆಟ್ಟಿನ ಕಡೆ ನೋಡಿದ.

"ಎರಡು."

"ಮೂರನೇದು?"

ಅವನು ಎದೆಯ ಜೇಬಿಗೆ ಕೈಹಾಕಿ, ಮಡಚಿದ್ದ ನೀಲಿ ಬಟ್ಟೆ ತೆಗೆದ. ಒಗೆದು, ಇಸ್ತ್ರಿ ಮಾಡಿದ್ದು. ಹಳದಿ ಚುಕ್ಕೆಗಳು ಹೊಸದರ ಹಾಗೆ ಕಾಣುತ್ತಿದ್ದವು. "ಕುದಿಯೋ ನೀರಲ್ಲಿ ಅದ್ದಿ ಒಗೆದಿದ್ದೀನಿ," ಎಂದ, ಅದೇ ಮುಖ್ಯ ವಿಷಯವೆಂಬಂತೆ.

ಅವನು ಎಂದಾದರೂ ಸಿಕ್ಕರೆ ಬೈಯಬೇಕೆಂದು ಅವಳು ತಯಾರಾಗಿದ್ದಳು. ಮೂರು ದಿನದಿಂದ ಮಾತು ಜೋಡಿಸಿಟ್ಟಿದ್ದಳು. ಒಂದೂ ನೆನಪಾಗಲಿಲ್ಲ. ಬಾಗಿ ಹಸಿರು ಬಕೆಟ್ಟನ್ನು ಎಳೆದು ಮೊದಲನೇ ನಲ್ಲಿಯ ಕೆಳಗಿಟ್ಟಳು. ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

"ಎರಡು ನಿಮಿಷ ಇದೆ," ಎಂದಳು. "ಇನ್ನು ಮುಂದೆ ನನಗೆ ಗೊತ್ತಾಗ್ಬೇಕಾದ್ದು ಏನಿದ್ರೂ ಮುಚ್ಚಿಡಬಾರ್ದು. ಏನಿದೆಯೋ ಎಲ್ಲಾ ಹೇಳಿ."

ಅವನು ಗಡಿಯಾರ ಬಿಚ್ಚಿ ಕಟ್ಟೆಯ ಮೇಲಿಟ್ಟ.

"ಮೊದಲ್ನೇ ದಿನ ನಿಮ್ಮ ಕೆನ್ನೆ ಮೇಲೆ ಸೀಮೆಸುಣ್ಣ ಇತ್ತು," ಎಂದು ಶುರುಮಾಡಿದ. "ನೀರು ಬಿಡ್ಬೇಕು ಅಂತ ನಾನು ಇನ್ನೊಂದು ಸಲ ಹೇಳ್ಬಹುದಿತ್ತು. ಗಟ್ಟಿಯಾಗಿ ಹೇಳ್ಬಹುದಿತ್ತು. ಹೇಳೋಕೆ ಆಗ್ಲಿಲ್ಲ. ಒಂದು ಬಕೆಟ್ ನೀರಿಗೋಸ್ಕರ ಯಾರಾದ್ರೂ ಇಷ್ಟು ಸಿಟ್ಟಾಗೋದನ್ನ ನಾನು ನೋಡೇ ಇರ್ಲಿಲ್ಲ. ನಮ್ಮಮ್ಮ ಇದ್ದಿದ್ರೆ ನಿಮ್ಮ ಪಕ್ಕಕ್ಕೆ ಬಂದು ನಿಂತ್ಕೊಂಡು ನನಗೆ ಬೈತಿದ್ರು ಅನ್ಸ್ತು. ಅವತ್ತಿಂದ ಪ್ರತಿ ಬುಧವಾರ..."

ಮಾತು ತಡವರಿಸಿತು. ನೀರು ಏರುತ್ತಿತ್ತು. ಕಾರಿಡಾರಿನ ಕಂಬದ ಹಿಂದೆ ಎರಡು ಜಡೆ ಅಲ್ಲಾಡಿದ್ದನ್ನು ಇಬ್ಬರೂ ನೋಡಲಿಲ್ಲ.

"ಪ್ರತಿ ಬುಧವಾರ?" ಎಂದಳು ಅವಳು, ಬಕೆಟ್ಟಿನ ಅಂಚನ್ನೇ ನೋಡುತ್ತ.

"ಪ್ರತಿ ಬುಧವಾರ ಈ ಬಕೆಟ್ ಇನ್ನೂ ದೊಡ್ಡದಿರ್ಬೇಕಿತ್ತು ಅನ್ನಿಸ್ತಿತ್ತು."

ನೀರು ಅಂಚಿಗೆ ಒಂದು ಬೆರಳು ದೂರದಲ್ಲಿತ್ತು. ಅವಳು ಕೈ ಚಾಚಿ ನಲ್ಲಿ ಮುಚ್ಚಿದಳು, ಕೊನೆಯ ಹನಿಯೂ ನಿಲ್ಲುವವರೆಗೆ ಬಿಗಿಯಾಗಿ. ಆಮೇಲೆ ಕಟ್ಟೆಯ ಮೇಲೆ ಕೂತು, ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟಳು.

"ಇನ್ನೂ ಇದೆ ಅಲ್ವಾ?"

"ತುಂಬಾ ಇದೆ."

"ಹಾಗಾದ್ರೆ ಕೂತ್ಕೊಳ್ಳಿ," ಎಂದಳು. "ಉಳಿದಿದ್ದನ್ನ ನಲ್ಲಿ ಮುಚ್ಚಿಕೊಂಡೇ ಹೇಳಿ. ಅದಕ್ಕೆ ಎರಡು ನಿಮಿಷ ಸಾಲಲ್ಲ, ನೀರು ಸುಮ್ಮನೆ ಹೋಗ್ಬಾರ್ದು."